ಹೋಯ್ ಆನ್‌ನಲ್ಲಿ ಪೂಜಾ ಮಾತಾಡಿದ್ದು

ಜನವರಿ 17, ಬುಧವಾರ. ತಿಳವಳ್ಳಿ

ಅಂಗಡಿ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಬೀಜದ ಕಂಪನಿಯ ಮ್ಯಾನೇಜರ್ ಬಂದರು. ಗೋವಿನಜೋಳದ ಬೀಜ ಮಾರಾಟದ ಟಾರ್ಗೆಟ್ ಮುಟ್ಟಿದ್ದಕ್ಕೆ ವಿಯೆಟ್ನಾಮ್ ಟೂರ್. ಇಬ್ಬರಿಗೆ. ದೀಪಾವಳಿಯಲ್ಲೇ ಹೇಳಿದ್ದರು. ಇವತ್ತು ಹೆಸರು ಪಕ್ಕಾ ಮಾಡಬೇಕಂತೆ. ಬ್ಯಾಂಕಾಕ್ ಸಿಗಲಿಲ್ಲವೆಂದು ಕೆಲವು ಡೀಲರುಗಳಿಗೆ ಬೇಸರವಂತೆ. ನನಗೆ ಎರಡೂ ಒಂದೇ. ಗೋವಾ ಆಚೆ ಏನಿದೆ ಅಂತ ನೋಡಿದವನಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಜಯಾ ತಾನು ಬರುವುದಿಲ್ಲ ಎಂದಳು. ಆಡೂರಿನಲ್ಲಿ ಅವಳ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಇವಳೇ ನೋಡಿಕೊಳ್ಳಬೇಕು.

“ಪೂಜಾನ್ನ ಕರ್ಕೊಂಡ ಹೋಗ್ರಿ. ಹ್ಯಾಂಗೂ ಮೂರೂ ಮಂದಿ ಪಾಸ್‌ಪೋರ್ಟ್ ಮಾಡ್ಸೇವಿ.”

“ಅಕಿ ಅಲ್ಲೆ ಬಂದು ಏನ್ ಮಾಡ್ತಾಳ?”

“ಇಲ್ಲೆ ಏನ್ ಮಾಡಾಕತ್ತಾಳ?”

ರೊಟ್ಟಿ ಮುರಿದುಕೊಂಡು ಕೂತೆ.

ಪೂಜಾ ಒಬ್ಬಳೇ ಮಗಳು. ಇಪ್ಪತ್ತು ತುಂಬಿತು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹತ್ತನೆಯ ತನಕ ಹುಬ್ಬಳ್ಳಿಯಲ್ಲಿ ಕಿವುಡ ಮಕ್ಕಳ ಶಾಲೆ, ಹಾಸ್ಟೆಲ್. ಆಮೇಲೆ ಮನೆ. ಉಣ್ಣು, ಮಲಗು, ಬಾ, ಸಾಕು — ಇಂಥ ನಾಲ್ಕೈದು ಸನ್ನೆಯಲ್ಲಿ ನಮ್ಮ ಸಂಸಾರ ನಡೆಯುತ್ತದೆ. ಉಳಿದದ್ದೆಲ್ಲ ವಾಟ್ಸ್ಯಾಪ್. ಪಡಸಾಲೆಯಿಂದ ಅಡುಗೆಮನೆಗೆ. ಸ್ವಭಾವ ತಣ್ಣಗೆ. ಯಾರ ಗೊಡವೆಗೂ ಹೋಗುವುದಿಲ್ಲ. ಬಂದವರೆಲ್ಲ ಅದನ್ನೇ ಮೆಚ್ಚುತ್ತಾರೆ.

ಟೂರಿನ ಮೆಸೇಜ್ ಕಳಿಸಿದೆ. ಬಂದು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡು ತಲೆಯಾಡಿಸಿದಳು.

ಜನವರಿ 30, ಮಂಗಳವಾರ

ವೀಸಾ ಬಂತು. ಪೂಜಾಳ ಒಂದು ಮೆಸೇಜೂ ಬಂತು.

ಅವಳ ಜೊತೆ ಓದಿದ ಸವಣೂರಿನ ಮದಿಹಾ ಈಗ ಹುಬ್ಬಳ್ಳಿಯ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಾಳಂತೆ. ಅಲ್ಲಿರುವವರೆಲ್ಲ ಕಿವಿ ಕೇಳದ ಹುಡುಗಿಯರೇ. ಮಾಲಕರೇ ರೂಮು ಮಾಡಿಕೊಟ್ಟಿದ್ದಾರೆ. ಇನ್ನೊಬ್ಬಳು ಬೇಕಾಗಿದ್ದಾಳೆ. ‘ನಾನು ಹೋಗಲಾ ಅಪ್ಪ?’

‘ನೋಡೋಣ’ ಎಂದು ಟೈಪ್ ಮಾಡಿ ಜಯಾಗೆ ತೋರಿಸಿದೆ. ಅವಳು ಫೋನ್ ಪೂರ್ತಿ ನೋಡಲೂ ಇಲ್ಲ.

“ಹಿಂದಿಂದ ಲಾರಿ ಬಂದ್ರ ಗೊತ್ತಾಗತೈತೇನ ಅಕಿಗೆ? ಯಾರರೆ ಬೆನ್ನ ಹತ್ತಿದ್ರ? ಹತ್ತು ವರ್ಷ ಹಾಸ್ಟೆಲಿಗೆ ಕಳಿಸಿ ನಾ ಹ್ಯಾಂಗ ಇದ್ನಿ ನನಗ ಗೊತ್ತು. ಬ್ಯಾಡ.”

ನನಗೂ ಬೇಡವೆನಿಸಿತು. ವಿಷಯ ಅಲ್ಲಿಗೇ ನಿಂತಿತು. ಪೂಜಾ ಮತ್ತೆ ಕೇಳಲಿಲ್ಲ. ಅವಳು ಯಾವುದನ್ನೂ ಎರಡು ಸಲ ಕೇಳುವವಳಲ್ಲ.

ಫೆಬ್ರುವರಿ 20, ಮಂಗಳವಾರ. ಬೆಂಗಳೂರು ಏರ್‌ಪೋರ್ಟ್

ಕೂತು ಕೂತು ಬೇಸರ. ಗುಂಪಿನಲ್ಲಿ ಹಾವೇರಿ ಜಿಲ್ಲೆಯ ಡೀಲರುಗಳೇ ಹೆಚ್ಚು. ಎಲ್ಲರ ತಲೆ ಮೇಲೂ ಕಂಪನಿಯ ಹಸಿರು ಟೊಪ್ಪಿಗೆ. ಪರಿಚಯದವರೆಂದರೆ ಸವಣೂರಿನ ಅಫ್ಜಲ್ ಭಾಯ್. ಹೆಂಡತಿ ಫರ್ಜಾನಾ ಅವರನ್ನು ಕರೆತಂದಿದ್ದಾರೆ. ಕೈಚೀಲದ ತುಂಬ ಸವಣೂರು ಖಾರಾ. ಸೆಕ್ಯೂರಿಟಿಯವನು ಮೂಸಿ ನೋಡಿ ಬಿಟ್ಟ. ನನ್ನ ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಎರಡು ಮನೆಯ ಬುತ್ತಿ ಸೇರಿದರೆ ವಿಯೆಟ್ನಾಮಿನವರ ಹಂಗಿಲ್ಲ.

ಫರ್ಜಾನಾ ಪೂಜಾಳನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಅಣ್ಣಾರ, ಬಾತ್‌ರೂಮಿಗೆ ಗೀತ್‌ರೂಮಿಗೆ ಹೋಗಬೇಕಂದ್ರ ನಾ ಅದೇನಿ. ನೀವು ಕಾಳಜಿ ಮಾಡಬ್ಯಾಡ್ರಿ.”

ಒಂದು ಭಾರ ಇಳಿಯಿತು.

ಫೆಬ್ರುವರಿ 21, ಬುಧವಾರ. ಹೋಯ್ ಆನ್

ಹೇಗೆ ಬರೆಯಬೇಕೋ ತಿಳಿಯದು.

ಎರಡು ವಿಮಾನ, ಒಂದು ಬಸ್ಸು. ಮಧ್ಯಾಹ್ನ ಬಂದು ಮುಟ್ಟಿದೆವು. ಗೈಡ್ ಲಾನ್ ಎಂಬ ಹುಡುಗಿ. ಕೈಯಲ್ಲಿ ಸಣ್ಣ ಬಾವುಟ, ಅವಳದೇ ಒಂದು ನಮೂನೆಯ ಇಂಗ್ಲಿಷ್. ನಾಲ್ಕುನೂರು ವರ್ಷದ ಹಿಂದೆ ಇದು ದೊಡ್ಡ ಬಂದರಂತೆ. ಜಪಾನಿನವರು, ಚೀನಾದವರು ಹಡಗಿನಲ್ಲಿ ಬಂದು ಇಲ್ಲೇ ಮನೆ ಕಟ್ಟಿಕೊಂಡು ಕೂತರಂತೆ. ಆಮೇಲೆ ಹೊಳೆಯಲ್ಲಿ ಹೂಳು ತುಂಬಿತು. ಹಡಗು ಬರುವುದು ನಿಂತಿತು. ಊರು ಮಾತ್ರ ಇದ್ದ ಹಾಗೇ ಉಳಿಯಿತು. ಅರಿಸಿನ ಬಳಿದ ಹಾಗಿನ ಗೋಡೆ. ಪಾಚಿ ಹಿಡಿದ ಕರಿ ಹಂಚು. ಪ್ರತಿ ಬಾಗಿಲ ಮುಂದೆ ರೇಷ್ಮೆ ಬಟ್ಟೆಯ ದೀಪದ ಬುಟ್ಟಿಗಳು. ಹಗಲು ನೋಡಿದರೆ ಬರೀ ಬಣ್ಣದ ಬಟ್ಟೆ, ಇದಕ್ಕೇಕೆ ಇಷ್ಟು ಜನ ಎಂದುಕೊಂಡೆ.

ಸಂಜೆ ಹೊರಗೆ ಬಂದೆವು. ದೀಪ ಹತ್ತಿದ್ದವು.

ನಮ್ಮ ಹಾನಗಲ್ಲ ತಾರಕೇಶ್ವರನ ಗುಡಿಯ ಕಮಲದ ಛತ್ತಿನ ಕೆಳಗೆ ನಿಂತರೆ ಕುತ್ತಿಗೆ ಇಳಿಸಲು ಮನಸ್ಸು ಬರುವುದಿಲ್ಲ. ಇಲ್ಲಿ ಒಂದು ಇಡೀ ಓಣಿ ಹಾಗೆ. ಕೆಂಪು, ಹಳದಿ, ನೀಲಿ, ಎಳೆ ಹಸಿರು. ಹೊಳೆಯಲ್ಲಿ ಮತ್ತೊಂದು ಊರು ತಲೆಕೆಳಗಾಗಿ ಹೊತ್ತಿಕೊಂಡಿತ್ತು. ಅಫ್ಜಲ್ ಭಾಯ್ ಬಾಯಿಗೆ ಹಾಕಿಕೊಂಡ ಖಾರಾ ಅಗಿಯುವುದನ್ನೇ ಮರೆತು ನಿಂತಿದ್ದರು.

“ಶಂಭಣ್ಣ, ಕರೆಂಟ್ ಬಿಲ್ ಎಷ್ಟ ಬರಬಹುದ್ರಿ?” ಎಂದರು ಆಮೇಲೆ.

ಪೂಜಾ ರಸ್ತೆ ನಡುವೆ ಮುಖ ಮೇಲೆತ್ತಿ ನಿಂತುಬಿಟ್ಟಿದ್ದಳು. ಸೈಕಲ್ ರಿಕ್ಷಾ ಹಿಂದೆ ಬಂದು ಗಂಟೆ ಬಾರಿಸಿತು. ಬಾರಿಸಿಯೇ ಬಾರಿಸಿತು. ಓಡಿಹೋಗಿ ತೋಳು ಹಿಡಿದು ಎಳೆದೆ. ಜಯಾ ಹೇಳಿದ್ದು ನೆನಪಾಯಿತು. ನಾಳೆಯಿಂದ ಕೈ ಬಿಡಬಾರದು.

ಫೆಬ್ರುವರಿ 22, ಗುರುವಾರ

ಬೆಳಿಗ್ಗೆ ತರಕಾರಿಯವರ ಹಳ್ಳಿ. ನೋಡುವುದಷ್ಟೇ ಅಲ್ಲ, ನಾವೇ ಮಾಡಬೇಕು. ಶಂಕುವಿನ ಆಕಾರದ ಟೊಪ್ಪಿಗೆ ಕೊಟ್ಟು ಮಡಿಗೆ ಇಳಿಸಿದರು. ಕೊತ್ತಂಬರಿ, ಪುದೀನ, ಹೆಸರೇ ಗೊತ್ತಿಲ್ಲದ ಸೊಪ್ಪುಗಳು. ಹುಲ್ಲು ಒಂದು ಕಡ್ಡಿ ಇಲ್ಲ. ಗೊಬ್ಬರ ಯಾವುದು ಎಂದು ಲಾನ್ ಕೈಲಿ ಕೇಳಿಸಿದೆ, ಅಂಗಡಿಯವನ ಚಟ. ಹೊಳೆಯ ಪಾಚಿ ತಂದು ಮಣ್ಣಲ್ಲಿ ಹೂಳುತ್ತಾರಂತೆ. ಅಷ್ಟೇ. ಇಪ್ಪತ್ತೈದು ವರ್ಷದಿಂದ ಯೂರಿಯಾ, ಡಿಎಪಿ ಮಾರುವ ನಾವೆಲ್ಲ ಸಾಲಾಗಿ ನಿಂತು ಪಾಚಿ ಹೂತೆವು.

ಹೆಗಲ ಮೇಲೆ ಅಡ್ಡ ಬಿದಿರು, ಎರಡು ತುದಿಗೆ ತೂತಿನ ಮೂತಿಯ ನೀರಿನ ಝಾರಿ. ಎರಡೂ ಒಟ್ಟಿಗೆ ಬಾಗಿಸಿ ಓಡುತ್ತ ನೀರು ಹಾಕಬೇಕು. ನಾನು ಕಾಲ ಮೇಲೆ ಸುರಿದುಕೊಂಡೆ. ಪೂಜಾ ಮಡಿಯ ಆ ತುದಿ ತನಕ ಓಡಿದಳು. ಎಂದೂ ಹೊಲಕ್ಕೆ ಇಳಿಯದ ಹುಡುಗಿ.

ಮಧ್ಯಾಹ್ನ ಬುಟ್ಟಿ ದೋಣಿ. ನಮ್ಮ ತುಂಗಭದ್ರೆಯ ಹರಿಗೋಲೇ! ಬಿದಿರು ಹೆಣೆದು ಡಾಂಬರಿನಂಥದ್ದು ಬಳಿದದ್ದು. ಇಷ್ಟು ದೂರದಲ್ಲಿ, ನಮ್ಮವರನ್ನು ಎಂದೂ ಕಾಣದ ಯಾರೋ, ಹೊಳೆ ದಾಟಬೇಕೆಂದಾಗ ಅದನ್ನೇ ಹೆಣೆದಿದ್ದಾರೆ. ನೀರಿನೊಳಗೇ ಬೆಳೆದ ತೆಂಗಿನಂಥ ಗಿಡಗಳ ನಡುವೆ ಹೋಗಿ ದೋಣಿಯವನು ಬುಟ್ಟಿಯನ್ನು ಬುಗುರಿ ಹಾಗೆ ತಿರುಗಿಸಿದ. ಪೂಜಾ ನಕ್ಕಳು. ಗಟ್ಟಿಯಾಗಿ, ಗಂಟಲು ಬಿಟ್ಟು. ಅವಳಿಗೆ ಇಂಥದೊಂದು ನಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಬುಟ್ಟಿಯ ಡೀಲರುಗಳು ಏನೋ ಆಯಿತೆಂದು ತಿರುಗಿ ನೋಡಿದರು. ಅವರು ನೋಡಿದ್ದನ್ನು ಅವಳು ನೋಡಿದಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ದೋಣಿ ಎಷ್ಟು ತಿರುಗಿದರೂ ನಗಲಿಲ್ಲ.

ಫೆಬ್ರುವರಿ 23, ಶುಕ್ರವಾರ. ಮಧ್ಯಾಹ್ನ

ರೂಮಿಗೆ ಬಂದು ಕಾಲು ಚಾಚಿದ್ದೇನೆ. ಸಂಜೆ ಮತ್ತೆ ಹೊರಡಬೇಕು. ನಾಳೆ ಹುಣ್ಣಿಮೆ. ಹುಣ್ಣಿಮೆಯ ಹಿಂದಿನ ಸಂಜೆ ಇಲ್ಲಿ ಕರೆಂಟ್ ದೀಪ ಆರಿಸಿ ಬರೀ ಬುಟ್ಟಿದೀಪ ಉಳಿಸುತ್ತಾರಂತೆ.

ಬೆಳಿಗ್ಗೆ ಒಂದು ಹಳೆಯ ವ್ಯಾಪಾರಿಯ ಮನೆ ನೋಡಿದೆವು. ಏಳನೇ ತಲೆಮಾರು ಇನ್ನೂ ಅಲ್ಲೇ ಬದುಕುತ್ತಿದೆ. ಹಲಸಿನ ಮರದ ಕಂಬ, ಅದರ ಮೇಲೆ ಮುತ್ತಿನಚಿಪ್ಪು ಕೂಡಿಸಿ ಬರೆದ ಅಕ್ಷರ. ಲಾನ್ ತೋರಿಸಿದಳು, ಒಂದೊಂದು ಅಕ್ಷರದ ಗೀಟೂ ಒಂದೊಂದು ಹಕ್ಕಿ. ಕಣ್ಣು ಕಿರಿದು ಮಾಡಿ ನೋಡಿದೆ, ಹೌದು, ಹಕ್ಕಿಗಳೇ. ಗೋಡೆಯ ಮೇಲೆ ನೆರೆ ನೀರು ಏರಿದ ಗುರುತು. ಒಂದು ನನ್ನ ತಲೆಗಿಂತ ಮೇಲೆ. ಅಟ್ಟಕ್ಕೆ ಒಂದು ಕಿಂಡಿ. ಹೊಳೆ ಬಂದಾಗ ಸಾಮಾನೆಲ್ಲ ಹಗ್ಗದಲ್ಲಿ ಎತ್ತಿಕೊಂಡು ಮೇಲೆ ಕೂರುತ್ತಾರೆ. ನೀರು ಇಳಿದ ಮೇಲೆ ತೊಳೆದು ಮತ್ತೆ ಅಂಗಡಿ ತೆಗೆಯುತ್ತಾರೆ. ಪ್ರತಿ ಸಲ. ಕಂಬ ಮುಟ್ಟಿ ನಮಸ್ಕಾರ ಮಾಡಿದೆ, ಯಾರ ಮನೆಯೋ ಏನೋ. ಇಲ್ಲಿಯ ಹೆಸರುವಾಸಿ ಜಪಾನಿ ಸೇತುವೆ ನೋಡಲಾಗಲಿಲ್ಲ, ರಿಪೇರಿಗೆಂದು ಸುತ್ತ ಶೆಡ್ ಕಟ್ಟಿದ್ದಾರೆ.

ಆಮೇಲೆ ದೀಪದ ಬುಟ್ಟಿ ಮಾಡುವ ಕ್ಲಾಸು. ಬಿದಿರಿನ ಕಡ್ಡಿ ಬಾಗಿಸಿ, ತಂತಿ ಪೋಣಿಸಿ, ಅಂಟು ಸವರಿ, ರೇಷ್ಮೆ ಎಳೆದು ಕೂಡಿಸಬೇಕು. ಸುಕ್ಕು ಬೀಳಬಾರದು. ಅಫ್ಜಲ್ ಭಾಯ್ ಅವರದು ಕುಂಬಳಕಾಯಿ ಆಯಿತು, ನನ್ನದು ಅದಕ್ಕಿಂತ ಕಡೆ. ಪೂಜಾ ತನ್ನದು ಮುಗಿಸಿ ಫರ್ಜಾನಾ ಅವರದನ್ನೂ ತಿದ್ದಿಕೊಟ್ಟಳು.

ಕೊನೆಗೆ ಚಹಾ. ಇದನ್ನು ಸರಿಯಾಗಿ ಬರೆಯಬೇಕು.

ಹಳೇ ಮನೆಯೊಂದರಲ್ಲಿ ಚಹಾದಂಗಡಿ. ಒಳಗೆ ಹೋಗುವ ಮುಂಚೆ ಲಾನ್ ಬೆರಳು ತುಟಿಗಿಟ್ಟಳು. ಒಳಗೆ ಯಾರೂ ಮಾತಾಡುವ ಹಾಗಿಲ್ಲ. ಚಹಾ ಕಾಸುವವರು, ತರುವವರು, ದುಡ್ಡಿನ ಗಲ್ಲೆಯಲ್ಲಿ ಕೂತವರು — ಎಲ್ಲರೂ ಕಿವಿ ಕೇಳದವರು. ಮೇಜಿನ ಮೇಲೆ ಚಿತ್ರದ ಹಲಗೆ. ಬೇಕಾದ್ದಕ್ಕೆ ಬೆರಳಿಡಬೇಕು. ನಮ್ಮ ಗುಂಪು, ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವವರು, ಗಪ್ಪಾಗಿ ಕೂತಿತು. ನೀರು ಬಿಸಿಯಾಗುವ ಸದ್ದು, ಹೊರಗಿನ ಗುಬ್ಬಿ.

ಟ್ರೇ ತಂದವಳು ಇಪ್ಪತ್ತೈದರ ಹುಡುಗಿ. ಎದೆಯ ಮೇಲೆ ಮಾಯ್ ಎಂದು ಹೆಸರು. ಪೂಜಾ ಅವಳ ಮುಖ ನೋಡಿ ತನ್ನ ಕಿವಿಗೆ ಬೆರಳಿಟ್ಟು, ತಲೆ ಅಲ್ಲಾಡಿಸಿ, ಎದೆ ಮುಟ್ಟಿಕೊಂಡಳು. ‘ನಾನೂ ನಿನ್ನ ಹಾಗೇ’ ಎಂದು.

ಮಾಯ್ ಟ್ರೇ ಕೆಳಗಿಟ್ಟಳು. ಆಮೇಲೆ ಇಬ್ಬರ ಕೈಗಳೂ ಎದ್ದವು. ಬೇರೆ ದೇಶ, ಬೇರೆ ಕೈಮಾತು, ಮೊದಲು ತಡವರಿಸಿದರು. ಒಬ್ಬಳು ತೋರಿಸುವುದು, ಇನ್ನೊಬ್ಬಳು ಹುಬ್ಬೇರಿಸುವುದು, ಬೇರೆ ಥರ ತೋರಿಸುವುದು, ಹ್ಞಾ ಎಂದು ತಲೆಯಾಡಿಸುವುದು. ಬಾಗಿಲಲ್ಲಿ ಲಾನ್ ಬಾವುಟ ಎತ್ತಿಬಿಟ್ಟಳು. ಏಳಬೇಕಾಯಿತು. ಪೂಜಾ ಹೊಸ್ತಿಲಲ್ಲಿ ಮೂರು ಸಲ ಹಿಂದೆ ನೋಡಿದಳು.

ಫೆಬ್ರುವರಿ 24, ಶನಿವಾರ. ಬೆಳಿಗ್ಗೆ 6

ನಿನ್ನೆ ಬರೆಯಲಾಗಲಿಲ್ಲ. ಪೂಜಾ ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ಕೈಗಳು ಹೊದಿಕೆಯ ಹೊರಗಿವೆ. ಅವನ್ನೇ ನೋಡುತ್ತ ಕೂತಿದ್ದೆ.

ನಿನ್ನೆ ಮುಸ್ಸಂಜೆ ಹೊಳೆಯ ದಂಡೆಗೆ ಹೋದೆವು. ಜನ ಎಂದರೆ ಜನ. ಅಂಗಡಿಗಳ ಕರೆಂಟ್ ದೀಪ ಒಂದೊಂದೇ ಆರಿದವು. ಬುಟ್ಟಿದೀಪ ಮಾತ್ರ ಉಳಿದವು. ಹೊಳೆಯ ತುಂಬ ಕಾಗದದ ಹಣತೆ. ಒಬ್ಬ ಅಜ್ಜಿಯಿಂದ ಎರಡು ಕೊಂಡು, ಒಂದು ಪೂಜಾಳ ಕೈಗೆ ಕೊಡಲು ತಿರುಗಿದೆ.

ಇಲ್ಲ.

ಫರ್ಜಾನಾ, “ನಿಮ್ಮ ಸಂಗಡನ ಅದಾಳ ಅಂದ್ಕೊಂಡೇನ್ರಿ ಅಣ್ಣಾರ,” ಎಂದರು.

“ಪೂಜಾ!” ಎಂದು ಕೂಗಿದೆ. ಎರಡನೇ ಸಲ ಕೂಗಲು ಬಾಯಿ ತೆರೆದವನು ಹಾಗೇ ನಿಂತೆ. ಯಾರಿಗೆ ಕೂಗುತ್ತೇನೆ? ಮೆಸೇಜ್ ಹಾಕೋಣವೆಂದರೆ ಅವಳ ಫೋನು ನನ್ನ ಬ್ಯಾಗಿನಲ್ಲೇ ಚಾರ್ಜಿಗಿತ್ತು. ಹಸಿರು ಟೊಪ್ಪಿಗೆಯನ್ನಾದರೂ ಹುಡುಕಬಹುದಿತ್ತು, ಅದನ್ನು ಅವಳು ರೂಮಿನಲ್ಲೇ ಬಿಟ್ಟಿದ್ದಳು. ಎಲ್ಲ ತಲೆಗಳೂ ಒಂದೇ. ಎದುರಿಗೆ ಹೊಳೆ. ಅಷ್ಟು ಹೊತ್ತು ಚೆಂದ ಕಂಡ ಹೊಳೆ.

ಅಫ್ಜಲ್ ಭಾಯ್ ನನ್ನ ಹೆಗಲು ಹಿಡಿದರು. “ಶಂಭಣ್ಣ, ನೀವು ಹಂಗ ಹೋಗ್ರಿ, ನಾವು ಹಿಂಗ ಹೋಗ್ತೇವಿ. ಸಿಗ್ತಾಳ. ಎಲ್ಲಿ ಹೋಗ್ತಾಳ, ಶ್ಯಾಣ್ಯಾ ಹುಡುಗಿ ಅದಾಳ.” ಲಾನ್ ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು.

ಓಡಿದೆ. ಸಿಕ್ಕವರಿಗೆಲ್ಲ ಫೋಟೋ ತೋರಿಸಿದೆ. ಜಯಾಗೆ ಏನು ಹೇಳಲಿ ಎನ್ನುವುದೊಂದೇ ತಲೆಯಲ್ಲಿ. ಎರಡು ಓಣಿ ದಾಟಿದ ಮೇಲೆ ಹೊಸ್ತಿಲಲ್ಲಿ ಅವಳು ಹಿಂದೆ ನೋಡಿದ್ದು ನೆನಪಾಯಿತು. ಕಾಲು ತಾನೇ ತಿರುಗಿತು.

ಚಹಾದಂಗಡಿಯ ವ್ಯಾಪಾರ ಮುಗಿದಿತ್ತು. ಬಾಗಿಲು ಅರ್ಧ ಹಾಕಿದ್ದರು. ಕಿಟಕಿಯ ಮರದ ಸರಳಿನ ಆಚೆ ಒಂದೇ ಬುಟ್ಟಿದೀಪ. ಅದರ ಕೆಳಗೆ ಮಾಯ್, ಇನ್ನು ನಾಲ್ಕು ಜನ. ನಡುವೆ ಪೂಜಾ.

ಒಳಗೆ ನುಗ್ಗಿ ಕೆನ್ನೆಗೆ ಎರಡು ಕೊಡಬೇಕು ಎನ್ನುವಷ್ಟು ಸಿಟ್ಟು. ಬಾಗಿಲಿಗೆ ಕೈ ಹಾಕಿದವನು ಹಾಕಿದ ಹಾಗೇ ನಿಂತೆ.

ಪೂಜಾ ಮಾತಾಡುತ್ತಿದ್ದಳು.

ಕೈ, ಹೆಗಲು, ಹುಬ್ಬು, ಕೆನ್ನೆ ಎಲ್ಲವೂ ಮಾತಾಡುತ್ತಿದ್ದವು. ವಿಮಾನ ಹಾರಿತು. ಅದರಲ್ಲಿ ಒಬ್ಬರು ಕಿವಿ ಮುಚ್ಚಿಕೊಂಡು ಕಣ್ಣು ಗಟ್ಟಿ ಮುಚ್ಚಿ ದೇವರನ್ನು ನೆನೆದರು. ಅಫ್ಜಲ್ ಭಾಯ್! ಬುಟ್ಟಿ ದೋಣಿ ತಿರುಗಿತು. ತರಕಾರಿ ಮಡಿಯಲ್ಲಿ ಯಾರೋ ಕಾಲ ಮೇಲೆ ನೀರು ಸುರಿದುಕೊಂಡು ಏನೂ ಆಗಿಲ್ಲವೆನ್ನುವ ಹಾಗೆ ಸುತ್ತ ನೋಡಿದರು. ಆಮೇಲೆ ಅವಳು ಇಲ್ಲದ ಮೀಸೆ ತಿರುವಿದಳು. ಕನ್ನಡಕ ಹಣೆಗೇರಿಸಿಕೊಂಡು, ಅದೇ ಕನ್ನಡಕಕ್ಕಾಗಿ ಮೇಜಿನ ಕೆಳಗೆಲ್ಲ ಹುಡುಕಿದಳು. ಕೊನೆಗೆ ಎದುರಿನವಳ ಮುಖಕ್ಕೆ ಮುಖ ತಂದು, ಬಾಯಿಯನ್ನು ಇಷ್ಟಗಲ ಮಾಡಿ, ಎಮ್ಮೆ ಮೆಲುಕು ಹಾಕಿದ ಹಾಗೆ ಅಲ್ಲಾಡಿಸಿದಳು.

ಅದು ನಾನು. ಅವಳ ಜೊತೆ ಮಾತಾಡುವ ನಾನು. ದಿನಾ ಹಾಗೇ ಮಾಡುತ್ತೇನೆ.

ಮಾಯ್ ಮೇಜು ಗುದ್ದಿ ಗುದ್ದಿ ನಕ್ಕಳು. ಒಬ್ಬ ಹುಡುಗಿ ಕುರ್ಚಿಯಿಂದ ಜಾರಿದಳು. ಪೂಜಾ ತಾನೂ ನಕ್ಕಳು, ಬುಟ್ಟಿ ದೋಣಿಯ ಅದೇ ನಗೆ. ಯಾರೂ ತಿರುಗಿ ನೋಡಲಿಲ್ಲ. ಬಾಯಿಗೆ ಕೈ ಹೋಗಲಿಲ್ಲ. ಅವಳ ಎರಡೂ ಕೈಗೆ ಬೇರೆ ಕೆಲಸವಿತ್ತು.

ನನ್ನ ಮಗಳು ಮಾತುಗಾತಿ. ನಾಲ್ಕು ಜನರ ನಡುವೆ ಕೂತರೆ ಕೂತವರನ್ನು ಏಳಗೊಡದವಳು. ನಮ್ಮಪ್ಪ ಹೀಗಿದ್ದ. ಅವನು ಕಟ್ಟೆಗೆ ಬಂದು ಕೂತರೆ ಜನ ದನ ಕಟ್ಟುವುದನ್ನೂ ಮರೆಯುತ್ತಿದ್ದರು. ಅವನ ಬಾಯಿ ನನಗೆ ಬರಲಿಲ್ಲ, ಒಂದು ತಲೆಮಾರು ಬಿಟ್ಟುಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ. ನಮ್ಮ ಮನೆಯಲ್ಲೇ, ಅಡುಗೆಮನೆಯಲ್ಲಿ, ಕೇಳುವವರಿಲ್ಲದೆ ಕೂತಿತ್ತು.

ಅಫ್ಜಲ್ ಭಾಯ್‌ಗೆ ‘ಸಿಕ್ಕಳು’ ಎಂದು ಮೆಸೇಜ್ ಹಾಕಿ ಹೊರಗಿನ ಮೆಟ್ಟಿಲ ಮೇಲೆ ಕೂತೆ. ಲಾನ್ ಏದುಸಿರು ಬಿಡುತ್ತ ಬಂದಳು. ಕಿಟಕಿಯಲ್ಲಿ ನೋಡಿ ನೇರ ಒಳಗೆ ಹೊರಟಳು. ಅಡ್ಡ ಕೈ ಹಿಡಿದೆ.

“ವೇಟ್, ಮೇಡಂ. ಡಾಟರ್ ಟಾಕಿಂಗ್.”

ಅವಳು ನನ್ನನ್ನೊಮ್ಮೆ ನೋಡಿ ಬಾವುಟ ಸುತ್ತಿ ಪಕ್ಕದಲ್ಲಿ ಕೂತಳು. ಓಣಿ ತುಂಬ ಬಣ್ಣದ ಬೆಳಕು. ಪೂಜಾ ಹೊರಗೆ ಬಂದು ನನ್ನನ್ನು ನೋಡಿ ಬೆಚ್ಚಿದಳು. ತಪ್ಪಾಯಿತೆಂದು ಕಿವಿ ಹಿಡಿದಳು. ಬೈಯಬೇಕಿತ್ತು. ಕೈಯಲ್ಲಿ ಬೈಯುವುದು ಹೇಗೋ ಗೊತ್ತಿರಲಿಲ್ಲ. ಕಾಗದದ ಹಣತೆ ಎರಡೂ ಜೇಬಿನಲ್ಲಿ ಮುದ್ದೆಯಾಗಿದ್ದವು.

ಅದೇ ದಿನ, ಸಂಜೆ

ಎಲ್ಲರೂ ಸಮುದ್ರಕ್ಕೆ ಹೋದರು. ನಾನು ಪೂಜಾಳ ಜೊತೆ ಚಹಾದಂಗಡಿಗೆ. ಅವಳಿಗೆ ನಂಬಿಕೆಯೇ ಬರಲಿಲ್ಲ, ದಾರಿಯಲ್ಲಿ ಎರಡು ಸಲ ತೋಳು ಹಿಡಿದು ನಿಲ್ಲಿಸಿ ಆ ಕಡೆಗೇ ತಾನೇ ಎಂದು ತೋರಿಸಿದಳು.

ಮಾಯ್ ಬಂದಳು. ಪೂಜಾ ನನ್ನ ಕಡೆ ಬೆರಳು ಮಾಡಿ ಮೇಲ್ತುಟಿಯ ಮೇಲೆ ಬೆರಳನ್ನು ಸರ್ರನೆ ಎಳೆದಳು. ಏನೆಂದು ಕೇಳಿದೆ. ಫೋನಿನಲ್ಲಿ ಟೈಪ್ ಮಾಡಿ ಕೊಟ್ಟಳು: ‘ಅದು ನಿಮ್ಮ ಹೆಸರು. ಹಾಸ್ಟೆಲಿನಲ್ಲಿ ಇಟ್ಟದ್ದು. ಆರು ವರ್ಷದವಳಿದ್ದಾಗ.’

ಶಂಭುಲಿಂಗ ಎನ್ನುವುದು ಗೊತ್ತಿತ್ತು. ಇನ್ನೊಂದು ಹೆಸರಿರುವುದು ಗೊತ್ತಿರಲಿಲ್ಲ. ಹುಬ್ಬಳ್ಳಿಯ ಎಷ್ಟು ಮಕ್ಕಳು ಆ ಹೆಸರಿನಿಂದ ನನ್ನ ಸುದ್ದಿ ಮಾತಾಡಿದ್ದಾರೋ!

ಜಯಾಳ ಹೆಸರೇನು ಎಂದೆ. ಹಣೆ ಮೇಲೆ ದೊಡ್ಡ ಕುಂಕುಮ. ಅವಳದು? ಕೆನ್ನೆಯ ಗುಳಿಯಲ್ಲಿ ಬೆರಳು ತಿರುಗಿಸಿದಳು. ಹೌದು, ನಕ್ಕರೆ ಗುಳಿ ಬೀಳುತ್ತದೆ.

ನಾನೂ ಮಾಡಿ ನೋಡಿದೆ. ಬೆರಳು ಮೊಂಡು, ಒಂದೂ ನೆಟ್ಟಗೆ ಬರಲೊಲ್ಲದು. ಮಾಯ್ ನನ್ನ ಹೆಬ್ಬೆರಳು ಹಿಡಿದು ಮಡಚಿ ಕೂಡಿಸಿದಳು, ಒಂದನೇ ಇಯತ್ತೆಯ ಮಾಸ್ತರು ಬಳಪ ಹಿಡಿಸಿದ ಹಾಗೆ. ಚಹಾ, ಬಿಸಿ, ಸಿಹಿ, ಮಗಳು, ಹೋಗು, ನೀರು. ಸಂಜೆಯ ತನಕ ಇಷ್ಟು ಬಂತು.

ಹೊರಡುವಾಗ ಟೈಪ್ ಮಾಡಿ ಕೇಳಿದೆ: ‘ನಾನು ಮಾತಾಡುವುದು ನಿನಗೆ ತಿಳಿಯುತ್ತದೆಯಾ?’

ಫೋನ್ ಇಸಿದುಕೊಂಡು ಬರೆದಳು: ‘ಅವ್ವನದು ತಿಳಿಯುತ್ತದೆ. ನಿಮ್ಮದು ಮೀಸೆ ಅಡ್ಡ.’

ರೂಮಿಗೆ ಬಂದು ಬೋಳಿಸಿಬಿಟ್ಟೆ. ಕನ್ನಡಿಯಲ್ಲಿ ಯಾರೋ ನಿಂತಿದ್ದಾರೆ. ಅಫ್ಜಲ್ ಭಾಯ್ ಬಾಗಿಲಲ್ಲೇ ನಿಂತು, “ಯಾರ ಬೇಕಾಗಿತ್ರಿ?” ಎಂದರು. ಪೂಜಾ ಬಾತ್‌ರೂಮಿನಿಂದ ಬಂದವಳು ನೋಡಿ, ನೋಡಿ, ಹತ್ತಿರ ಬಂದು ತುಟಿಯ ಮೇಲೆ ಕೈಯಾಡಿಸಿದಳು.

“ನಾಳೆ ಊರಿಗಿ ಹೋಗೂಣು,” ಎಂದೆ. ಸಾವಕಾಶ, ಬಾಯಿ ಅಗಲಿಸದೆ.

ತಿಳಿಯಿತು ಎಂದಳು. ಕೈಯಲ್ಲಿ.

ಫೆಬ್ರುವರಿ 27, ಮಂಗಳವಾರ. ತಿಳವಳ್ಳಿ

ಜಯಾ ಆಡೂರಿನಿಂದ ಬಂದು ಮೊದಲು ಮೀಸೆ ಎಲ್ಲಿ ಎಂದಳು. ಎಲ್ಲ ಹೇಳಿದೆ. ಪೂಜಾ ತಪ್ಪಿಸಿಕೊಂಡದ್ದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು.

“ಕೈ ಹಿಡ್ಕೊಂಡ ಅಡ್ಡಾಡ್ಸ್ರಿ ಅಂತ ಹೇಳಿದ್ನಿ. ಪರದೇಶದಾಗ ಬಿಟ್ಟು ಬಂದ್ರ ಏನ್ ಮಾಡ್ತಿದ್ರಿ?”

“ಅಕಿ ದಾರಿ ತಪ್ಪಿರಲಿಲ್ಲ. ನಾನ ತಪ್ಪಿದ್ನಿ. ಅಕಿಗೆ ಎಲ್ಲೆ ಹೋಗಬೇಕಂತ ಗೊತ್ತಿತ್ತು. ಜಯಾ, ಅಕಿನ್ನ ಹುಬ್ಬಳ್ಳಿಗೆ ಕಳಿಸೂಣು.”

“ನೀವು ಟೂರಿಗೆ ಹೋಗಿ ತಲಿ ತಿರುಗಿಸ್ಕೊಂಡ ಬಂದೀರಿ.”

ಎದ್ದು ಹೋದಳು. ನಾನು ಕಿಟಕಿಯಲ್ಲಿ ನೋಡಿದ್ದನ್ನು ಅವಳು ನೋಡಿಲ್ಲ. ಹೇಳಿದರೆ ತಿಳಿಯುವಂಥದ್ದಲ್ಲ.

ಮಾರ್ಚ್ 10, ಭಾನುವಾರ

ಹನ್ನೆರಡು ದಿನ ಮನೆಯಲ್ಲಿ ಆ ಮಾತಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಪೂಜಾಳ ಎದುರು ಕೂತು ಕಲಿಯುತ್ತೇನೆ. ಮಳೆ, ಬಸ್ಸು, ನಿನ್ನೆ, ನಾಳೆ. ‘ನಿನ್ನೆ’ ಹೇಳಹೋಗಿ ಹೆಗಲ ಮೇಲಿನ ನೊಣ ಓಡಿಸಿದ ಹಾಗಾಗುತ್ತದೆ. ಜಯಾ ಹಾದುಹೋಗುತ್ತಾಳೆ, ನೋಡಿಯೂ ನೋಡದ ಹಾಗೆ.

ಇವತ್ತು ಮಧ್ಯಾಹ್ನ ಪೂಜಾ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ ವಿಡಿಯೋ ಕಾಲ್ ಹಚ್ಚಿದ್ದಳು. ಒಂದು ಕಿಟಕಿಯಲ್ಲಿ ಹುಬ್ಬಳ್ಳಿಯ ಮದಿಹಾ, ಇನ್ನೊಂದರಲ್ಲಿ ವಿಯೆಟ್ನಾಮಿನ ಮಾಯ್. ಇಬ್ಬರ ಪರಿಚಯ ಮಾಡಿಸುತ್ತಿದ್ದಳೆಂದು ಕಾಣುತ್ತದೆ. ಕೈಯೆಲ್ಲ ಹಿಟ್ಟು. ಹಿಟ್ಟಿನ ಕೈಯಲ್ಲೇ ಮಾತು. ಗಾಳಿಯಲ್ಲೆಲ್ಲ ಹಿಟ್ಟು ಹಾರುತ್ತಿತ್ತು.

ಜಯಾ ಒಲೆ ಆರಿಸಲು ಬಂದವಳು ಬಾಗಿಲಲ್ಲೇ ನಿಂತಳು. ನಾನು ಪಡಸಾಲೆಯಿಂದ ನೋಡುತ್ತಿದ್ದೆ. ಪೂಜಾ ಯಾರದೋ ನಡಿಗೆ ಅಣಕಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಬೆನ್ನಿಗಿಟ್ಟು, ಗೊಣಗುತ್ತ ಸರಸರ. ಫೋನಿನಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕರು.

“ರೀ,” ಎಂದಳು ಜಯಾ ಮೆಲ್ಲಗೆ. “ಅದು ನಾನೇನು?”

“ಹೌದು.”

“ನಾ ಹಂಗ ನಡೀತೇನೇನು?”

“ಹಂಗ ನಡೀತಿ.”

ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆಂದುಕೊಂಡೆ. ನಗುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಗುತ್ತಿದ್ದಳು. “ಈಗೇನ ಅನ್ನಾಕತ್ತಾಳ?” “ಗೊತ್ತಾಗವಲ್ದು.” “ನೀವು ಕಲ್ತೇನಿ ಅಂತೀರಿ?” “ಅಷ್ಟ ಜೋರು ನನಗ ಬರೂದಿಲ್ಲ.”

ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಯಾರೂ ಏಳಲಿಲ್ಲ.

ಸಂಜೆ ಜಯಾ ತಾನಾಗಿಯೇ ಹೇಳಿದಳು. “ಮೊದ್ಲ ನಾ ಹೋಗಿ ಆ ರೂಮು ನೋಡ್ತೇನಿ. ಬಾಗ್ಲಾ ಚಿಲಕಾ ಎಲ್ಲಾ ನೋಡ್ತೇನಿ. ಆಮ್ಯಾಲ ಹೇಳ್ತೇನಿ.”

ಮಾರ್ಚ್ 18, ಸೋಮವಾರ

ಹುಬ್ಬಳ್ಳಿಗೆ ಬಿಟ್ಟು ಬಂದೆವು. ರೂಮು ಚೊಕ್ಕ ಇದೆ. ಜಯಾ ಚಿಲಕ ಮೂರು ಸಲ ಹಾಕಿ ತೆಗೆದು ನೋಡಿದಳು. ಬಾಗಿಲ ಗುಂಡಿ ಒತ್ತಿದರೆ ಒಳಗೆ ದೀಪ ಮಿನುಗುತ್ತದೆ, ಬೆಲ್ ಬದಲು. ಅದನ್ನೂ ಒತ್ತಿ ನೋಡಿದಳು. ಮದಿಹಾ ಎಲ್ಲರಿಗೂ ಬ್ರೆಡ್ ತಂದುಕೊಟ್ಟಳು, ಇನ್ನೂ ಬಿಸಿ ಇತ್ತು.

ಬಸ್ಸಿನಲ್ಲಿ ಬರುತ್ತ ಶಿಗ್ಗಾಂವಿ ದಾಟಿದ ಮೇಲೆ ಜಯಾ ಕೇಳಿದಳು: “ಹುಷಾರಾಗಿರು ಅನ್ನೂದು ಹ್ಯಾಂಗ ಮಾಡ್ತಾರ?”

ತೋರಿಸಿದೆ. ಸರಿಯೋ ತಪ್ಪೋ. ಕಿಟಕಿಯ ಕಡೆ ತಿರುಗಿ ಮಾಡುತ್ತಲೇ ಇದ್ದಳು.

ಮಾರ್ಚ್ 20, ಬುಧವಾರ. ಅಂಗಡಿ

ಬಿಸಿಲು ಚುರುಕಾಗಿದೆ. ಗಿರಾಕಿ ಇಲ್ಲ. ಕರಿಬಸಪ್ಪ ಒಬ್ಬ ಬಂದು ಔಷಧಿ ಹೊಡೆಯುವ ಪಂಪಿನ ವಾಷರ್ ಒಯ್ದ. ಮೀಸೆ ಇಲ್ಲದ್ದಕ್ಕೆ ಇನ್ನೂ ಎಲ್ಲರೂ ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ಬೆಳಿಗ್ಗೆಯಿಂದ ಪೂಜಾಳ ಮೆಸೇಜಿಲ್ಲ. ಮೊದಲ ವಾರ, ಕೆಲಸ ಜಾಸ್ತಿ ಇರಬಹುದು. ಜಯಾ ಮನೆಯಿಂದ ಎರಡು ಸಲ ಕೇಳಿದಳು, ಏನಾದರೂ ಬಂತೇ ಎಂದು.

ಈಗ ಫೋನ್ ರಿಂಗ್ ಆಗುತ್ತಿದೆ. ಪೂಜಾಳ ಹೆಸರು. ಮೆಸೇಜಲ್ಲ, ಕಾಲ್. ಇಷ್ಟು ವರ್ಷದಲ್ಲಿ ನನ್ನ ಮಗಳು ನನಗೆ ಫೋನ್ ಮಾಡಿದ್ದೇ ಇಲ್ಲ. ವಿಡಿಯೋದ್ದು. ತಕ್ಕಡಿಗೆ ಒರಗಿಸಿದ್ದೇನೆ. ಮುಖ ಬಂತು, ತಲೆಗೆ ಬಿಳಿ ಟೊಪ್ಪಿಗೆ, ಮೂಗಿನ ಮೇಲೆ ಮೈದಾ. ಏನೋ ಆಗಲೇ ಶುರು ಮಾಡಿದ್ದಾಳೆ, ನಿಲ್ಲು ನಿಲ್ಲು ಎನ್ನಬೇಕು, ಒಂದು ಕೈಯಲ್ಲಿ ಪೆನ್ನಿದೆ, ಎರಡೂ ಬೇಕು